ಐದು ನಿಮಿಷದ ಸಿಮೆಂಟು

ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಬೇಗ ಸೆಟ್ ಆಗೋ ಸಿಮೆಂಟ್ ಕೊಡಿ’ ಅಂದರೆ ಒಂದೊಂದು ಅಂಗಡಿಯಲ್ಲಿ ಒಂದೊಂದು ಸಾಮಾನು ಕೈಗೆ ಬರುತ್ತದೆ. ಒಬ್ಬರು ಬಿಳಿ ಸಿಮೆಂಟು ಕೊಡುತ್ತಾರೆ, ಇನ್ನೊಬ್ಬರು ಪ್ಲಾಸ್ಟರ್ ಆಫ್ ಪ್ಯಾರಿಸ್, ಮತ್ತೊಬ್ಬರು ಸಿಮೆಂಟಿಗೆ ಬೆರೆಸುವ ದ್ರಾವಣದ ಬಾಟಲಿ. ಬಿಳಿ ಸಿಮೆಂಟು ಬೇಗ ಕಚ್ಚುವ ಸರಕೇ ಅಲ್ಲ. ಬೂದು ಸಿಮೆಂಟಿನ ಹಾಗೆ ಅದೂ ಕಚ್ಚಲು ಶುರು ಮಾಡುವುದಕ್ಕೆ ಅರ್ಧ ಗಂಟೆಯಾದರೂ ತೆಗೆದುಕೊಳ್ಳುತ್ತದೆ. ಗಟ್ಟಿಯಾಗಿ ಕಲಸುವ ಅಭ್ಯಾಸ ಇರುವುದರಿಂದ ಬೇಗ ಬಿಗಿದಂತೆ ಕಾಣುತ್ತದೆ, ಅಷ್ಟೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಹತ್ತು ನಿಮಿಷದಲ್ಲಿ ಕಲ್ಲಾಗುವುದು ನಿಜ, ಆದರೆ ಅದು ಜಿಪ್ಸಂ. ನೀರು ತಗುಲುವ ಜಾಗದಲ್ಲಿ ನಿಧಾನಕ್ಕೆ ಮೆತ್ತಗಾಗಿ ಉದುರುತ್ತದೆ. ಮನೆಯೊಳಗಿನ ಛಾವಣಿಯ ಅಲಂಕಾರಕ್ಕೆ ಸರಿ, ಬಚ್ಚಲಿಗೆ ಬೇಡ.

ಹೆಸರಿನಲ್ಲೇ ಇನ್ನೊಂದು ಗೊಂದಲವಿದೆ. ಚೀಲದ ಮೇಲೆ ‘ರ್‍ಯಾಪಿಡ್ ಹಾರ್ಡನಿಂಗ್’ ಎಂದಿದ್ದರೆ ಅದು ಬೇಗ ಬಲ ಪಡೆಯುವ ಸಿಮೆಂಟು. ಕಲಸಿ ಹಚ್ಚಲು ಮಾಮೂಲಿನಷ್ಟೇ ಸಮಯ ಸಿಗುತ್ತದೆ, ಮೊದಲ ಕೆಲವು ದಿನಗಳ ಗಟ್ಟಿತನ ಮಾತ್ರ ಹೆಚ್ಚು. ‘ಕ್ವಿಕ್ ಸೆಟ್ಟಿಂಗ್’ ಎಂದಿದ್ದರೆ 5 ನಿಮಿಷದಲ್ಲಿ ಕಚ್ಚಲು ಶುರುವಾಗಿ 30 ನಿಮಿಷದೊಳಗೆ ಪೂರ್ತಿ ಬಿಗಿಯುತ್ತದೆ. ಸೋರುವ ನೀರು ನಿಲ್ಲಿಸಲೆಂದೇ ಸಣ್ಣ ಡಬ್ಬಿಗಳಲ್ಲಿ ಬರುವ ಪುಡಿ ಇದಕ್ಕಿಂತಲೂ ಚುರುಕು, ಮೂರು ನಿಮಿಷಕ್ಕೆಲ್ಲ ಕೈಯಲ್ಲೇ ಬಿಸಿಯಾಗಿ ಗಟ್ಟಿಯಾಗುತ್ತದೆ. ಮಾಮೂಲಿ ಸಿಮೆಂಟು ನಿಧಾನವಾಗಿರುವುದಕ್ಕೂ ಕಾರಣವಿದೆ. ಕಾರ್ಖಾನೆಯಲ್ಲಿ ಕ್ಲಿಂಕರ್, ಅಂದರೆ ಕುಲುಮೆಯಲ್ಲಿ ಸುಟ್ಟ ಸಿಮೆಂಟಿನ ಗಟ್ಟಿ, ಅರೆಯುವಾಗ ಸ್ವಲ್ಪ ಜಿಪ್ಸಂ ಸೇರಿಸಿ ಅದರ ಆತುರವನ್ನು ಬೇಕೆಂದೇ ತಗ್ಗಿಸಿರುತ್ತಾರೆ. ಆ ಜಿಪ್ಸಂ ಕಡಿಮೆ ಮಾಡಿದರೆ, ಇಲ್ಲವೇ ಅಲ್ಯೂಮಿನಾ ಹೆಚ್ಚಿರುವ ಸಿಮೆಂಟು ಬೆರೆಸಿದರೆ ಚುರುಕು ಬರುತ್ತದೆ. ಹಾಗಂತ ಬೂದು ಸಿಮೆಂಟಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬೆರೆಸಿ ಚುರುಕು ಮಾಡಲು ಹೋಗಬೇಡಿ. ಆ ಕ್ಷಣಕ್ಕೆ ಬಿಗಿಯುತ್ತದೆ, ಆಮೇಲೆ ತೇವ ಕುಡಿದು ಒಳಗೊಳಗೇ ಉಬ್ಬಿ ಸೀಳುತ್ತದೆ. ಬಟ್ಟೆ ಒಗೆಯುವ ಸೋಡಾ ಹಾಕಿ ಕಲಸುವ ಹಳೇ ಉಪಾಯವೂ ಉಂಟು. ಹರಿಯುವ ನೀರನ್ನು ಆ ಹೊತ್ತಿಗೆ ತಡೆಯುತ್ತದೆ, ಆದರೆ ತೇಪೆಗೆ ಬಲ ಬರುವುದಿಲ್ಲ. ಹತ್ತಿರದಲ್ಲಿ ಅಂಗಡಿಯೇ ಇಲ್ಲದಿದ್ದರೆ ಮಾಡಿ, ನೀರು ನಿಂತ ಮೇಲೆ ಕಿತ್ತು ಸರಿಯಾದದ್ದನ್ನು ತುಂಬಿ.

ಈ ಸಿಮೆಂಟಿನಲ್ಲಿ ಕೆಟ್ಟುಹೋಗುವ ಕೆಲಸಗಳಲ್ಲಿ ಹೆಚ್ಚಿನವು ನೀರು ಹಾಕುವ ಮೊದಲೇ ಕೆಟ್ಟಿರುತ್ತವೆ. ಪುಡಿಗೆ ನೀರು ಸೋಕಿದ ಮೇಲೆ ಉಳಿ ಹುಡುಕಲು, ಧೂಳು ಒರೆಸಲು, ಏಣಿ ತರಲು ಸಮಯವಿಲ್ಲ. ಜಾಗ ಕೆತ್ತಿ, ತೊಳೆದು, ಒದ್ದೆ ಮಾಡಿ, ಕರಣೆ ಪಕ್ಕದಲ್ಲಿಟ್ಟುಕೊಂಡು ಆಮೇಲೆ ಕಲಸಬೇಕು. ಕಲಸುವುದಕ್ಕೆ ಮಕ್ಕಳ ಹಳೇ ರಬ್ಬರ್ ಚೆಂಡನ್ನು ಎರಡು ಹೋಳು ಮಾಡಿಟ್ಟುಕೊಳ್ಳಿ, ಅದಕ್ಕಿಂತ ಒಳ್ಳೆಯ ಬಟ್ಟಲಿಲ್ಲ. ಒಳಗೆ ಅಂಟಿದ್ದು ಒಣಗಿದ ಮೇಲೆ ಹಿಚುಕಿದರೆ ಚೂರುಚೂರಾಗಿ ಬಿಟ್ಟುಕೊಳ್ಳುತ್ತದೆ. ಸ್ಟೀಲ್ ಬಟ್ಟಲಿನಲ್ಲಿ ಕಲಸಿದರೆ ಕೆರೆದು ತೆಗೆಯುವುದೇ ಒಂದು ಕೆಲಸ.

ಅಳತೆ ಪ್ಯಾಕೆಟ್ಟಿನ ಮೇಲೇ ಇರುತ್ತದೆ. ಇಲ್ಲದಿದ್ದರೆ ಮೂರರಿಂದ ಮೂರೂವರೆ ಲೋಟ ಪುಡಿಗೆ ಒಂದು ಲೋಟ ನೀರು ಲೆಕ್ಕ. ಸೋರಿಕೆ ಮುಚ್ಚುವುದಕ್ಕೆ ರೊಟ್ಟಿ ಹಿಟ್ಟಿನಷ್ಟು ಗಟ್ಟಿ ಬೇಕು, ಬಿರುಕಿಗೆ ತುಂಬುವುದಕ್ಕೆ ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿ. ನೀರಿಗೆ ಪುಡಿ ಉದುರಿಸಿ, ಪುಡಿಗೆ ನೀರು ಸುರಿಯಬೇಡಿ, ತಳದಲ್ಲಿ ಗಂಟು ಉಳಿಯುತ್ತದೆ. ಒಂದು ಸಲಕ್ಕೆ ಒಂದು ಹಿಡಿಯಷ್ಟೇ ಕಲಸಿ. ಎರಡು ನಿಮಿಷದಲ್ಲಿ ಹಚ್ಚಿ ಮುಗಿಸಲಾಗದಷ್ಟು ಕಲಸಿದರೆ ಉಳಿದದ್ದು ಕಸವೇ. ಗಟ್ಟಿಯಾಗಲು ಶುರುವಾಯಿತೆಂದು ಇನ್ನಷ್ಟು ನೀರು ಚಿಮುಕಿಸಿ ನಾದುವವರಿದ್ದಾರೆ. ಮೆತ್ತಗಾದದ್ದೇನೋ ನಿಜ, ಆದರೆ ಒಮ್ಮೆ ಹೆಣೆದುಕೊಂಡ ಹರಳುಗಳನ್ನು ಮುರಿದಂತಾಯಿತು. ಒಣಗಿದ ಮೇಲೆ ಉಗುರಿನಲ್ಲಿ ಕೆರೆದರೂ ಪುಡಿ ಉದುರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಲಬುರಗಿ, ರಾಯಚೂರಿನ ಕಡೆಯವರು ತಣ್ಣೀರನ್ನೇ ಬಳಸಬೇಕು. ತಾರಸಿ ಟ್ಯಾಂಕಿನ ಕಾದ ನೀರು ಹಾಕಿದರೆ ಐದು ನಿಮಿಷದ ಸಿಮೆಂಟು ಎರಡೇ ನಿಮಿಷಕ್ಕೆ ಕಚ್ಚುತ್ತದೆ. ಮಡಿಕೇರಿಯ ಚಳಿಮಳೆಯಲ್ಲಿ ಬೆಚ್ಚನೆಯ ನೀರು ಹಾಕಿದರೆ ತಪ್ಪಿಲ್ಲ.

ಸಂಪಿನ ಗೋಡೆಯಿಂದ ನೀರು ಜಿನುಗುವುದನ್ನು ನಿಲ್ಲಿಸುವುದೇ ಇದರ ನಿಜವಾದ ಕೆಲಸ. ಸಂಪು ಖಾಲಿ ಮಾಡಿ, ಮುಚ್ಚಳ ತೆರೆದು ಕೆಲವು ಗಂಟೆ ಗಾಳಿಯಾಡಲು ಬಿಡಿ, ಮೇಲೊಬ್ಬರು ನಿಲ್ಲದೆ ಒಳಗಿಳಿಯಬೇಡಿ. ಬಹಳ ದಿನ ಮುಚ್ಚಿಟ್ಟ ಸಂಪಿನಲ್ಲಿ ಉಸಿರಾಡುವ ಗಾಳಿಯೇ ಇರುವುದಿಲ್ಲ. ಬಿರುಕನ್ನು ಉಳಿ ಸುತ್ತಿಗೆಯಿಂದ ಸುಮಾರು 20 ಮಿಲಿಮೀಟರ್ ಅಗಲ, 25 ಮಿಲಿಮೀಟರ್ ಆಳ ಕೆತ್ತಿ. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಬಾಯಿ ಅಗಲ, ಒಳಗೆ ಚೂಪು ಬರುವಂತೆ ಕೆತ್ತುವುದು. ಅಂಥ ಗುಂಡಿಯಲ್ಲಿ ತುಂಬಿದ್ದನ್ನು ಹಿಂದಿನ ನೀರು ಬೆಣೆಯ ಹಾಗೆ ಹೊರಗೆ ನೂಕುತ್ತದೆ. ಗುಂಡಿ ಬಾಯಲ್ಲಿ ಕಿರಿದಾಗಿ ಒಳಗೆ ಅಗಲವಾಗಿರಬೇಕು, ಹಿಂದಿನಿಂದ ನೂಕಿದಷ್ಟೂ ತೇಪೆ ಬಿಗಿಯುತ್ತದೆ. ತೊಳೆದು, ಪುಡಿಯನ್ನೆಲ್ಲ ಬ್ರಷ್‌ನಿಂದ ಉಜ್ಜಿ ತೆಗೆಯಿರಿ.

ಕೈಗೆ ರಬ್ಬರ್ ಗವಸು ಹಾಕಿ, ಕಲಸಿದ್ದನ್ನು ಬೆಣೆಯಂತೆ ಉರುಟಾಗಿ ಹಿಡಿದುಕೊಳ್ಳಿ. ಕೂಡಲೇ ಹಚ್ಚಬೇಡಿ. ಅಂಗೈಗೆ ಬಿಸಿ ತಾಗಲು ಶುರುವಾದ ಗಳಿಗೆಗೆ ಕಾದು, ಆಗ ಗುಂಡಿಯೊಳಗೆ ಬಲವಾಗಿ ಒತ್ತಿ. ಮೊದಲೇ ಒತ್ತಿದರೆ ನೀರು ಅದನ್ನು ಕರಗಿಸಿಕೊಂಡು ಹೋಗುತ್ತದೆ, ತಡವಾದರೆ ಗೋಡೆಗೆ ಅಂಟುವುದಿಲ್ಲ. ಒತ್ತಿದ ಮೇಲೆ ಮೂರು ನಿಮಿಷ ಕೈ ಅಲ್ಲಾಡಿಸಬಾರದು. ‘ಕಚ್ಚಿತೇನೋ’ ಎಂದು ತಿರುಗಿಸಿ ನೋಡುವ ಚಪಲವೇ ಅರ್ಧ ತೇಪೆಗಳನ್ನು ಕೆಡಿಸುವುದು. ನೀರು ಜೋರಾಗಿ ಬರುತ್ತಿದ್ದರೆ ಅದರೊಡನೆ ಜಗ್ಗಾಡದೆ ದಾರಿ ಬಿಡಿ. ಬೆರಳು ಗಾತ್ರದ ಪಿವಿಸಿ ಪೈಪಿನ ತುಂಡನ್ನು ರಂಧ್ರಕ್ಕೆ ಸಿಕ್ಕಿಸಿ, ನೀರು ಅದರಲ್ಲಿ ಹರಿಯುತ್ತಿರುವಾಗಲೇ ಸುತ್ತಲೂ ಮುಚ್ಚಿ, ಅದು ಪೂರ್ತಿ ಗಟ್ಟಿಯಾದ ಮೇಲೆ ಪೈಪು ಎಳೆದು ಕೊನೆಯ ರಂಧ್ರಕ್ಕೆ ಬೆಣೆ ಕೊಡಿ. ಉದ್ದದ ಬಿರುಕಾದರೆ ಮೇಲಿನಿಂದ ಕೆಳಕ್ಕೆ ಬನ್ನಿ, ಜೋರು ಸೋರುವ ಜಾಗ ಕೊನೆಗಿರಲಿ. ಕುಡಿಯುವ ನೀರಿನ ಸಂಪಾದರೆ ಅದಕ್ಕೆ ಆಗುವಂಥದ್ದೆಂದು ಡಬ್ಬಿಯ ಮೇಲೆ ಬರೆದಿದೆಯೇ ನೋಡಿ. ಮೊದಲೆರಡು ಸಲ ತುಂಬಿದ ನೀರನ್ನು ಗಿಡಕ್ಕೂ ಹಾಕದೆ ಚೆಲ್ಲಿ.

ಅಲ್ಲಾಡುವ ಗೇಟಿನ ಕೊಕ್ಕೆ, ಬಾಗಿಲ ಚೌಕಟ್ಟನ್ನು ಗೋಡೆಗೆ ಹಿಡಿಸುವ ಕಬ್ಬಿಣದ ಪಟ್ಟಿ (ಹೋಲ್ಡ್‌ಫಾಸ್ಟ್), ಬಟ್ಟೆ ಹಗ್ಗದ ಕೊಂಡಿ, ಸಡಿಲವಾದ ನಲ್ಲಿಯ ಸುತ್ತ, ಇವೆಲ್ಲಕ್ಕೂ ಇದು ಹೇಳಿ ಮಾಡಿಸಿದ್ದು. ಒಂದು ಭಾಗ ಕ್ವಿಕ್ ಸೆಟ್ಟಿಂಗ್ ಸಿಮೆಂಟಿಗೆ ಎರಡು ಭಾಗ ಜರಡಿ ಹಿಡಿದ ಮರಳು ಸಾಕು, ಕುಗ್ಗಿ ಬಿರುಕು ಬಿಡುವುದೂ ತಪ್ಪುತ್ತದೆ. ಗಟ್ಟಿಯಾದ ತಕ್ಷಣ ಗೇಟು ನೇತುಹಾಕುವುದು ಮಾತ್ರ ಬೇಡ. ಕಚ್ಚುವುದು ಬೇರೆ, ಬಲ ಬರುವುದು ಬೇರೆ. ಭಾರ ಹೊರುವ ಕೊಕ್ಕೆಗೆ ಒಂದಿಡೀ ದಿನವಾದರೂ ಬಿಡಿ. ಬೇಗ ಗಟ್ಟಿಯಾಯಿತಲ್ಲ, ನೀರು ಕುಡಿಸುವುದೇಕೆ ಎನ್ನುವವರ ತೇಪೆಗಳು ಕೂದಲೆಳೆಯಂಥ ಬಿರುಕು ಬಿಡುತ್ತವೆ. ಒದ್ದೆ ಗೋಣಿಚೀಲ ಹೊದಿಸಿ ಮೂರು ದಿನ ತೇವ ಆರದಂತೆ ನೋಡಿಕೊಳ್ಳಿ.

ಎರಡು ಕಡೆ ಇದನ್ನು ಮುಟ್ಟಲೇಬೇಡಿ. ಒಂದು, ಕಿಟಕಿ ಮೇಲಿನ ಸಜ್ಜಾ ಅಡಿಯಿಂದ ಕಾಂಕ್ರೀಟು ಉದುರಿ ಕಂಬಿ ಕಾಣುತ್ತಿದ್ದರೆ ಅದು ತೇಪೆಯ ಕೆಲಸವಲ್ಲ, ತಿಳಿದವರಿಗೆ ತೋರಿಸಿ. ಅದರಲ್ಲೂ ಕ್ಯಾಲ್ಸಿಯಂ ಕ್ಲೋರೈಡ್ ಇರುವ ಚುರುಕಿನ ದ್ರಾವಣ ಕಂಬಿಯ ಹತ್ತಿರ ಸುಳಿಯಬಾರದು, ತುಕ್ಕು ಇನ್ನೂ ಬೇಗ ತಿನ್ನುತ್ತದೆ. ಎರಡು, ಸುಣ್ಣದ ಗಾರೆಯ ಹಳೇ ಮನೆ, ಮಣ್ಣಿನ ಗೋಡೆ. ಆ ಗೋಡೆಗಳು ತೇವ ಹೀರಿ ತೇವ ಬಿಡುವಂಥವು. ಮಧ್ಯೆ ಕಲ್ಲಿನಂಥ ತೇಪೆ ಹಾಕಿದರೆ ತೇವ ಅದರ ಅಂಚಿನಲ್ಲಿ ಸಿಕ್ಕಿಕೊಂಡು, ಎರಡು ಮಳೆಗಾಲದಲ್ಲಿ ತೇಪೆ ಗಟ್ಟಿಯಾಗಿಯೇ ಉಳಿದು ಸುತ್ತಲ ಗೋಡೆ ಉದುರಿರುತ್ತದೆ. ಅಲ್ಲಿಗೆ ಸುಣ್ಣ ಮರಳೇ ಸರಿ.

ಕರಕುಶಲಕ್ಕೆ ಬಂದರೆ, ಹಕ್ಕಿಗೆ ನೀರಿಡುವ ಬಟ್ಟಲು, ಸಣ್ಣ ಕುಂಡ, ಹಣತೆ ಇಡುವ ತಟ್ಟೆ ಎಲ್ಲವನ್ನೂ ಮಾಡಬಹುದು. ಮೂರು ನಿಮಿಷದ ಪುಡಿ ಇದಕ್ಕೆ ಬೇಡ, ಗಾಳಿಗುಳ್ಳೆ ಹೊರಬರಲೂ ಸಮಯ ಸಿಗದೆ ಮೈಯೆಲ್ಲ ತೂತಾಗುತ್ತದೆ. ಅರ್ಧ ಗಂಟೆಯಲ್ಲಿ ಬಿಗಿಯುವ ಕ್ವಿಕ್ ಸೆಟ್ಟಿಂಗ್ ಸಾಕು. ಐಸ್‌ಕ್ರೀಂ ಡಬ್ಬಿಯೊಳಗೆ ಅಡುಗೆ ಎಣ್ಣೆ ತೆಳ್ಳಗೆ ಸವರಿ, ಸಿಮೆಂಟು ಮರಳನ್ನು ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ತುಂಬಿ, ಎಣ್ಣೆ ಸವರಿದ ಚಿಕ್ಕ ಡಬ್ಬಿಯನ್ನು ನಡುವೆ ಒತ್ತಿ, ಹೊರಗಿನ ಡಬ್ಬಿಯನ್ನು ಸುತ್ತಲೂ ತಟ್ಟಿ. ಗೋಡೆಯ ದಪ್ಪ ಅರ್ಧ ಇಂಚಿಗೆ ಕಡಿಮೆಯಾದರೆ ತೆಗೆಯುವಾಗ ಒಡೆಯುತ್ತದೆ. ಡಬ್ಬಿಯನ್ನು ಚೆನ್ನಾಗಿ ತೊಳೆದಿರಬೇಕು, ಏಕೆಂದರೆ ಸಕ್ಕರೆ ಸಿಮೆಂಟಿನ ಶತ್ರು. ಚಿಟಿಕೆ ಸಕ್ಕರೆ ಸೇರಿದರೂ ಬೆಳಗಿನವರೆಗೆ ಮೆತ್ತಗೇ ಇರುತ್ತದೆ. ಬಣ್ಣ ಬೇಕೆಂದರೆ ಬಿಳಿ ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿಯನ್ನು ಒಣಗಿದ್ದಾಗಲೇ ಬೆರೆಸಿ, ಸಿಮೆಂಟಿನ ತೂಕದ ಹತ್ತನೇ ಒಂದು ಭಾಗ ಮೀರದಿರಲಿ. ಹಳೇ ಟವೆಲನ್ನು ಸಿಮೆಂಟಿನ ಬಗ್ಗಡದಲ್ಲಿ ಅದ್ದಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಹೊದಿಸಿ ಮಾಡುವ ನೆರಿಗೆ ಕುಂಡಕ್ಕೆ ಮಾಮೂಲಿ ಸಿಮೆಂಟೇ ಚೆಂದ, ನೆರಿಗೆ ತಿದ್ದಲು ಪುರುಸೊತ್ತು ಸಿಗುತ್ತದೆ.

ಹೊಸ ಕುಂಡಕ್ಕೆ ಕೂಡಲೇ ತುಳಸಿ ನೆಟ್ಟು ಎಲೆ ಹಳದಿಯಾಯಿತೆಂದು ಗೊಣಗುವುದು ಬೇಡ. ಸಿಮೆಂಟಿನ ಕ್ಷಾರ ಬೇರನ್ನು ಸುಡುತ್ತದೆ. ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ದಿನಾ ನೀರು ಬದಲಿಸುತ್ತ ಒಂದು ವಾರದಿಂದ ಹತ್ತು ದಿನ ಬಿಟ್ಟರೆ ಕ್ಷಾರ ಸಾಕಷ್ಟು ಇಳಿಯುತ್ತದೆ. ಹಕ್ಕಿಯ ಬಟ್ಟಲಿಗೂ ಇದೇ ನಿಯಮ. ಅದೇ ಕ್ಷಾರ ನಿಮ್ಮ ಕೈಯನ್ನೂ ಬಿಡುವುದಿಲ್ಲ. ಹಚ್ಚುವಾಗ ಉರಿ ಗೊತ್ತಾಗದು, ಸಂಜೆಗೆ ಬೆರಳ ಸಂದಿ ಒಡೆದಿರುತ್ತದೆ. ಕಣ್ಣಿಗೆ ಹಾರಿದರೆ ಉಜ್ಜದೆ, ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆದು ವೈದ್ಯರ ಬಳಿಗೆ ಹೋಗಿ.

ಒಡೆದ ಪ್ಯಾಕೆಟ್ಟಿನಲ್ಲಿ ಉಳಿದದ್ದನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಸುರಿದು, ತೆರೆದ ತಾರೀಕು ಬರೆದು, ನೆಲದಿಂದ ಮೇಲಿಡಿ. ಕರಾವಳಿಯ ಮಳೆಗಾಲದಲ್ಲಿ ತೆರೆದ ಪ್ಯಾಕೆಟ್ ಒಂದೆರಡು ವಾರಕ್ಕೇ ಗಂಟು ಕಟ್ಟುತ್ತದೆ. ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಗಂಟು ಪರವಾಗಿಲ್ಲ, ಪುಡಿಯಾಗದ ಗಂಟಿದ್ದರೆ ಅಷ್ಟನ್ನೂ ಎಸೆಯಿರಿ. ಅನುಮಾನವಿದ್ದರೆ ಒಂದು ಚಮಚ ಕಲಸಿ ಗಡಿಯಾರ ನೋಡಿ. ಡಬ್ಬಿಯ ಮೇಲೆ ಬರೆದ ಸಮಯದ ಎರಡರಷ್ಟಾದರೂ ಉಗುರು ಒಳಗೆ ಇಳಿಯುತ್ತಿದ್ದರೆ ಅದು ಸತ್ತ ಸಿಮೆಂಟು. ಕೈ, ಬಟ್ಟಲು ತೊಳೆದ ನೀರನ್ನು ಅಡುಗೆಮನೆ ಸಿಂಕಿಗೆ ಸುರಿಯಬೇಡಿ. ಪೈಪಿನ ಬಾಗಿನಲ್ಲಿ ಕೂತು ಅದು ನೀರಿನಲ್ಲೇ ಗಟ್ಟಿಯಾಗುತ್ತದೆ, ಆಮೇಲೆ ಪ್ಲಂಬರ್ ಪೈಪನ್ನೇ ಕತ್ತರಿಸಬೇಕಾಗುತ್ತದೆ. ಹಿತ್ತಲ ಮೂಲೆಯಲ್ಲಿ ಗಿಡಗಳಿಂದ ದೂರ ಒಂದು ಸಣ್ಣ ಗುಂಡಿ ಮಾಡಿ ಅಲ್ಲಿ ಚೆಲ್ಲಿ.