ಚುಕ್ಕೆ ಎಲ್ಲಿಡಬೇಕು?

ಗ್ರೀಕ್ ಅಕ್ಷರ ಕಲಿತ ಮೇಲೆ ನಾನು ಮೊದಲು ತೆರೆದದ್ದು ಕೋಡೆಕ್ಸ್ ಸಿನೈಟಿಕಸ್. 4ನೇ ಶತಮಾನದ ಬೈಬಲ್, ಚರ್ಮದ ಹಾಳೆಗಳ ಮೇಲೆ ಕೈಯಲ್ಲಿ ಬರೆದದ್ದು. ಅದರ ಹಾಳೆಗಳು ಈಗ ಲಂಡನ್, ಲೈಪ್‌ಜಿಗ್, ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಸಿನಾಯ್ ಮಠದಲ್ಲಿ ಹಂಚಿಹೋಗಿವೆ. 2009ರಿಂದ ಅವೆಲ್ಲ ಆನ್‌ಲೈನ್‌ನಲ್ಲಿ ಒಂದೇ ಕಡೆ ನೋಡಲು ಸಿಗುತ್ತವೆ.

ಯೋಹಾನನ ಸುವಾರ್ತೆಯ ಮೊದಲ ಪುಟ ತೆಗೆದೆ. ಒಂದು ಪುಟಕ್ಕೆ ನಾಲ್ಕು ಕಾಲಂ, ಒಂದು ಸಾಲಿಗೆ 12–14 ಅಕ್ಷರ. ಪದಗಳ ನಡುವೆ ಜಾಗವೇ ಇಲ್ಲ. ತಾಳೆಗರಿ ಓದಿದವರಿಗೆ ಇದು ಹೊಸದಲ್ಲ, ಆದರೆ ನನಗೆ ಮೊದಲ ದಿನ ನಾಲ್ಕು ಸಾಲೂ ದಾಟಲಿಲ್ಲ. ಸುಮ್ನೆ ನೋಡಿದರೆ ಆಗಲ್ಲ ಅಂತ ನೋಟ್‌ಬುಕ್ಕಿನಲ್ಲಿ ಸಾಲು ಸಾಲಾಗಿ ನಕಲು ಮಾಡಿದೆ. ಆಮೇಲೆ ಜೋರಾಗಿ ಓದಿದೆ. ಆಗ ಪದಗಳು ತಾವಾಗಿಯೇ ಬಿಡಿಬಿಡಿಯಾದವು. ಕಣ್ಣಿಗೆ ಸಿಗದ್ದು ಕಿವಿಗೆ ಸಿಕ್ಕಿತು.

ದೇವರು ಎಂಬ ಅರ್ಥದ ‘ಥೆಯೋಸ್’ ಪದದ ಮೊದಲ ಮತ್ತು ಕೊನೆಯ ಅಕ್ಷರ ಮಾತ್ರ ಬರೆದು, ಮೇಲೊಂದು ಗೆರೆ ಎಳೆದಿದ್ದಾರೆ. ಯೇಸು, ಕ್ರಿಸ್ತ ಎಂಬ ಹೆಸರುಗಳೂ ಹೀಗೆಯೇ. ಜಾಗ ಉಳಿಸಲು ಇರಬೇಕು ಅಂದುಕೊಂಡಿದ್ದೆ. ಆದರೆ ಅಷ್ಟು ಧಾರಾಳವಾಗಿ ಅಂಚು ಬಿಟ್ಟವರಿಗೆ ಎರಡಕ್ಷರ ಉಳಿಸಬೇಕಿತ್ತಾ? ನನಗನಿಸುವುದು, ಅದು ಗೌರವದ ಗುರುತು.

ಜಾಸ್ತಿ ದಿನ ಹಿಡಿದದ್ದು 3 ಮತ್ತು 4ನೇ ವಚನ. ‘ಹೊ ಗೆಗೊನೆನ್’, ಅಂದರೆ ‘ಆದದ್ದು’, ಎಂಬ ಮಾತು ಯಾವ ವಾಕ್ಯಕ್ಕೆ ಸೇರಬೇಕು? ಹಿಂದಕ್ಕೆ ಸೇರಿಸಿದರೆ, ‘ಆದದ್ದರಲ್ಲಿ ಒಂದೂ ಆತನಿಲ್ಲದೆ ಆಗಲಿಲ್ಲ. ಆತನಲ್ಲಿ ಜೀವವಿತ್ತು.’ ಮುಂದಕ್ಕೆ ಸೇರಿಸಿದರೆ, ‘ಆತನಿಲ್ಲದೆ ಒಂದೂ ಆಗಲಿಲ್ಲ. ಆತನಲ್ಲಿ ಆದದ್ದು ಜೀವವಾಗಿತ್ತು.’ ಸಿನೈಟಿಕಸ್ ಬರೆದವರು ಅಲ್ಲಿ ಚುಕ್ಕೆಯನ್ನೇ ಇಟ್ಟಿರಲಿಲ್ಲ. ಆಮೇಲೆ ತಿದ್ದಿದವರು ‘ಆದದ್ದು’ ಆದ ಮೇಲೆ ಇಟ್ಟರು. ಕೇಂಬ್ರಿಜ್‌ನಲ್ಲಿರುವ ಇನ್ನೊಂದು ಹಳೆಯ ಕೈಬರಹದ ಪ್ರತಿ, ಕೋಡೆಕ್ಸ್ ಬೆಜಾಯಿ, ‘ಆದದ್ದು’ ಬರುವ ಮೊದಲೇ ನಿಲ್ಲುತ್ತದೆ. ಅಕ್ಷರ ಒಂದೇ, ಉಸಿರು ತೆಗೆದುಕೊಂಡ ಜಾಗ ಬೇರೆ. ಎರಡನ್ನೂ ನಾನು ಹತ್ತಾರು ಸಲ ಜೋರಾಗಿ ಓದಿದ್ದೇನೆ. ಎರಡನೆಯದು ನನ್ನ ಬಾಯಿಗೆ ಚೆನ್ನಾಗಿ ಕೂರುತ್ತದೆ.

ಈಗ ನೋಡುತ್ತಿರುವುದು ಬಹಳ ನಂತರದ ಪ್ರತಿಗಳನ್ನು. ಅವುಗಳ ಅಂಚಿನಲ್ಲಿ ‘ಅರ್ಖೆ’, ‘ತೆಲೋಸ್’ ಎಂದು ಬರೆದಿರುತ್ತದೆ. ಪೂಜೆಯ ದಿನ ಓದುವವರು ಇಲ್ಲಿ ಶುರು ಮಾಡಿ, ಇಲ್ಲಿ ನಿಲ್ಲಿಸಿ ಎಂಬ ಸೂಚನೆ ಅದು. ಯೋಹಾನನ ಮೊದಲ 17 ವಚನಗಳು ಗ್ರೀಕ್ ಸಭೆಯಲ್ಲಿ ಈಸ್ಟರ್ ದಿನದ ಪಾಠ. ನನ್ನ ನೋಟ್‌ಬುಕ್ಕಿನಲ್ಲೂ 17ನೇ ವಚನದ ಪಕ್ಕ ಕೆಂಪು ಶಾಯಿಯಲ್ಲಿ ‘ತೆಲೋಸ್’ ಬರೆದಿಟ್ಟುಕೊಂಡಿದ್ದೇನೆ.