ಮೆಣಸು ಕೊಡಿ, ಗ್ಲೌಸ್ ತರುತ್ತೇವೆ: ಕೊಡಗಿನ ಮೂಲೆ ಊರಲ್ಲಿ ಮಕ್ಕಳ ಬೇಸ್‌ಬಾಲ್‌ಗೆ ದುಡ್ಡು ಹೊಂದಿಸುವುದು

ಹಾಕಿ ನಾಡಲ್ಲಿ ಬೇಸ್‌ಬಾಲ್‌ಗೆ ದುಡ್ಡು ಕೇಳೋಕೆ ಹೋದರೆ ಮೊದಲು ಸಿಗುವುದು ನಗು. ಬೇಸ್‌ಬಾಲ್ ಬ್ಯಾಟ್ ಅಂದರೆ ಜಗಳ ಬಂದರೆ ಇರಲಿ ಅಂತ ಕಾರಿನ ಸೀಟಿನ ಕೆಳಗೆ ಇಟ್ಟುಕೊಳ್ಳುವ ದೊಣ್ಣೆ ಅಂತಲೇ ಎಷ್ಟೋ ಜನ ತಿಳಿದಿದ್ದಾರೆ. ನಮ್ಮದು ಸಿದ್ದಾಪುರದಿಂದ ಒಳಗೆ, ದಿನಕ್ಕೆ ಎರಡೇ ಸಲ ಬಸ್ಸು ಬರುವ ಊರು. ಮೂರು ವರ್ಷದಿಂದ ಇಪ್ಪತ್ತೆರಡು ಮಕ್ಕಳನ್ನು ಆಡಿಸುತ್ತಿದ್ದೇವೆ. ಎಡವಿದ್ದೇ ಜಾಸ್ತಿ, ಆದರೂ ತಂಡ ನಿಂತಿದೆ. ಹೇಗೆ ಅಂತ ಕೇಳುವವರಿಗೆ ಇದು.

ದುಡ್ಡು ಕೇಳುವ ಮುಂಚೆ ಆಟ ಶುರು ಮಾಡಿ. ಬ್ಯಾಟೂ ಬೇಡ, ಗ್ಲೌಸೂ ಬೇಡ. ಬೇಸ್‌ಬಾಲ್5 ಅಂತ ಒಂದಿದೆ, ಬೇಸ್‌ಬಾಲ್‌ನ ತಮ್ಮ ಇದ್ದ ಹಾಗೆ. ಕಡೆಗೆ ಐದು ಜನ, ಐದು ಇನಿಂಗ್ಸ್, ಒಂದು ರಬ್ಬರ್ ಚೆಂಡು, ಅದನ್ನು ಬರಿಗೈಯಲ್ಲೇ ಹೊಡೆಯುವುದು. ಓಡುವವರು ಮುಟ್ಟಬೇಕಾದ ಗುರುತಿಗೆ ಬೇಸ್ ಅನ್ನುತ್ತಾರೆ, ಬೇಸಿನಿಂದ ಬೇಸಿಗೆ 13 ಮೀಟರ್ ಅಷ್ಟೆ. 2026ರ ಡಾಕರ್ ಯೂತ್ ಒಲಿಂಪಿಕ್ಸ್‌ಗೂ ಇದನ್ನು ಸೇರಿಸಿದ್ದಾರೆ, ಹಾಗಾಗಿ ಇದೇನು ಮಕ್ಕಳಾಟ ಅಂತ ಯಾರಾದರೂ ಅಂದರೆ ಹೇಳಲು ಒಂದು ಮಾತಿರುತ್ತದೆ. ನಾವು ಶುರು ಮಾಡಿದ್ದು ಒಬ್ಬರ ಕಾಫಿ ಕಣದಲ್ಲಿ. ಒಣಗಿಸುವ ಕೆಲಸ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಕಣ ಖಾಲಿ ಬಿದ್ದಿರುತ್ತದೆ, ಸಿಮೆಂಟ್ ನೆಲ, ಚೆಂಡು ಚೆನ್ನಾಗಿ ಪುಟಿಯುತ್ತದೆ. ಗೋಣಿಚೀಲ ಮಡಚಿ ಬೇಸ್ ಮಾಡಿದೆವು. ಎರಡು ತಿಂಗಳು ಮಕ್ಕಳು ಕಿರುಚಾಡುತ್ತಾ ಓಡುವುದನ್ನು ಊರು ನೋಡಿದ ಮೇಲೆ ಕೇಳುವುದು ಎಷ್ಟೋ ಸಲೀಸು.

ಈಗ ಲೆಕ್ಕ. ಎಷ್ಟು ಬೇಕು ಅಂತ ಗೊತ್ತಿಲ್ಲದೆ ಯಾರ ಮನೆ ಬಾಗಿಲಿಗೂ ಹೋಗಬೇಡಿ. ತಂಡಕ್ಕೆ ಒಂಬತ್ತು ಜನ, ಆದರೆ ಗ್ಲೌಸ್ ಬೇಕಾಗುವುದು ಫೀಲ್ಡಿಂಗ್ ಮಾಡುವ ಕಡೆಯವರಿಗೆ ಮಾತ್ರ, ಹಾಗಾಗಿ ಎರಡೂ ತಂಡಕ್ಕೆ ಸೇರಿ ಹತ್ತಿದ್ದರೆ ಸಾಕು. ನಮಗೆ ಬಿದ್ದ ಖರ್ಚು ಹೀಗೆ: ಹತ್ತು ಗ್ಲೌಸ್‌ಗೆ 12,000, ಎರಡು ಅಲ್ಯೂಮಿನಿಯಂ ಬ್ಯಾಟಿಗೆ 3,000, ಒಂದು ಡಜನ್ ಚೆಂಡಿಗೆ 3,000, ನಾಲ್ಕು ಹೆಲ್ಮೆಟ್‌ಗೆ 4,000, ಬ್ಯಾಟ್ ಹಿಡಿದವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ಮಾಸ್ಕು ಎದೆಗವಚ ಕಾಲಿನ ಪ್ಯಾಡ್ ಎಲ್ಲ ಸೇರಿ 6,000. ಒಟ್ಟು 28,000. ಹೆಲ್ಮೆಟ್‌ನಲ್ಲಿ, ಕ್ಯಾಚರ್ ಸೆಟ್‌ನಲ್ಲಿ ಮಾತ್ರ ಚೌಕಾಸಿ ಬೇಡ, ಚೆಂಡು ಸುಮಾರು 145 ಗ್ರಾಂ ಇರುತ್ತದೆ, ಗಟ್ಟಿ. ಬ್ಯಾಟ್ ಊರಲ್ಲೇ ಮಾಡಿಸೋಣ ಅಂತ ಬಡಗಿ ಹತ್ತಿರ ಸಿಲ್ವರ್ ಓಕ್‌ನಲ್ಲಿ ಒಂದು ಕಡೆಸಿದ್ದೆವು. ಮೂರನೇ ಹೊಡೆತಕ್ಕೆ ಎರಡು ತುಂಡು.

ಇನ್ನೊಂದು ಪೆಟ್ಟು ತಿಂದಿದ್ದು ಗ್ಲೌಸಿನಲ್ಲಿ. ಗ್ಲೌಸ್ ಹಾಕುವುದು ಎಸೆಯದ ಕೈಗೆ. ಬಲಗೈಯಲ್ಲಿ ಎಸೆಯುವವನಿಗೆ ಎಡಗೈ ಗ್ಲೌಸ್. ಹತ್ತನ್ನೂ ಎಡಗೈಯದೇ ತರಿಸಿದೆವು, ಪಾರ್ಸೆಲ್ ಬಿಚ್ಚಿದ ದಿನ ನೋಡಿದರೆ ನಮ್ಮ ಅತಿ ಚೆನ್ನಾಗಿ ಎಸೆಯುವ ಹುಡುಗಿ ಎಡಚಿ. ಒಂದು ವರ್ಷ ಪಾಪ ಬರಿಗೈಯಲ್ಲೇ ಹಿಡಿದಳು. ಆರ್ಡರ್ ಕೊಡುವ ಮುಂಚೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದೊಂದು ಕಲ್ಲು ಎಸೆಸಿ ನೋಡಿ.

ಇನ್ನು ಕೇಳುವ ಹೊತ್ತು. ಕೊಡಗಿನಲ್ಲಿ ದುಡ್ಡಿಗೂ ಸೀಸನ್ ಇದೆ. ನವೆಂಬರ್‌ನಿಂದ ಅರೇಬಿಕಾ ಕಾಫಿ ಕೊಯ್ಲು, ಆಮೇಲೆ ಮಾರ್ಚ್‌ವರೆಗೂ ರೋಬಸ್ಟಾ, ಆ ದಿನಗಳಲ್ಲಿ ತೋಟದವರ ಕೈಯಿಂದ ದುಡ್ಡು ಕೂಲಿಗೆ ಹೋಗುತ್ತಿರುತ್ತದೆ, ಒಳಗೆ ಬರುವುದಿಲ್ಲ. ಜೂನ್‌ನಲ್ಲಿ ಗೊಬ್ಬರ, ಶಾಲೆ ಫೀಸು, ಮೇಲೆ ಮಳೆ. ಕಾಫಿ ಮಾರಿದ ಮೇಲೆ, ಮಾರ್ಚ್ ಕೊನೆಯಿಂದ ಮೇವರೆಗೆ ಹೋದರೆ ಮುಖದಲ್ಲಿ ಸ್ವಲ್ಪ ಕಳೆ ಇರುತ್ತದೆ. ಅದೇ ಸಮಯಕ್ಕೆ ಕೊಡವ ಕುಟುಂಬಗಳ ಹಾಕಿ ಹಬ್ಬವೂ ಬರುತ್ತದೆ, 1997ರಲ್ಲಿ ಕರಡದಲ್ಲಿ ಶುರುವಾದದ್ದು. ಅದಕ್ಕೆ ಪೈಪೋಟಿ ಕೊಡಲು ಹೋಗಬೇಡಿ, ಸೋಲುತ್ತೀರಿ. "ಹಾಕಿ ಆಡೋ ಮಕ್ಕಳೇ ಇದನ್ನೂ ಆಡ್ತಾರೆ ಅಂಕಲ್, ಕಣ್ಣು ಕೈ ಎರಡೂ ಚುರುಕಾಗುತ್ತೆ" ಅಂತ ಹೇಳಿ. ಸುಳ್ಳೂ ಅಲ್ಲ.

ಆದರೆ ನಮ್ಮನ್ನು ಉಳಿಸಿದ್ದು ನಗದು ಅಲ್ಲ, ಕರಿಮೆಣಸು. ಐನೂರು ರೂಪಾಯಿ ಕೊಡಿ ಅಂದರೆ ಜೇಬು ತಡಕಾಡುವವರೂ ಒಂದು ಕೆಜಿ ಮೆಣಸು ಕೊಡಿ ಅಂದರೆ ಒಳಗೆ ಹೋಗಿ ಅಳೆದು ತರುತ್ತಾರೆ. ತೋಟವಿರುವ ಮನೆಯಲ್ಲಿ ಮೆಣಸು ಚೀಲದಲ್ಲಿ ಕೂತಿರುತ್ತದೆ, ಕೊಟ್ಟದ್ದು ಕೈಗೆ ಭಾರ ಅನ್ನಿಸುವುದಿಲ್ಲ. ಮಕ್ಕಳನ್ನೇ ಕಳಿಸಿ, ಒಂದು ತಕ್ಕಡಿ, ಒಂದು ನೋಟ್‌ಬುಕ್. ಮೊದಲ ವರ್ಷ 38 ಕೆಜಿ ಆಯಿತು. ಕೆಜಿಗೆ 600 ಸಿಕ್ಕಿತು, ಅಂದರೆ 22,800. ಚೆನ್ನಾಗಿ ಒಣಗಿದ್ದನ್ನೇ ತೆಗೆದುಕೊಳ್ಳಿ. ಹಸಿ ಇದ್ದರೆ ವ್ಯಾಪಾರಿ ಒಂದು ಹಿಡಿ ಮುಷ್ಟಿಯಲ್ಲಿ ಹಿಡಿದು, ಒಂದು ಕಾಳು ಕಡಿದು, ಏನೂ ಮಾತಾಡದೆ ರೇಟು ಇಳಿಸುತ್ತಾನೆ.

ಮೆಣಸು ಇಲ್ಲದವರ ಹತ್ತಿರ ವಸ್ತು ಕೇಳಿ. ಜೀಪ್ ಇದ್ದವರಿಗೆ ವರ್ಷಕ್ಕೆ ಒಂದೇ ಟ್ರಿಪ್. ಪ್ರತಿ ವರ್ಷದ ದೊಡ್ಡ ಖರ್ಚು ಸಾಮಾನಲ್ಲ, ವಿರಾಜಪೇಟೆಗೋ ಮಡಿಕೇರಿಗೋ ಮಕ್ಕಳನ್ನು ಕರೆದುಕೊಂಡು ಹೋಗುವ ಬಾಡಿಗೆ. ಏನು ಬೇಕು ಅಂತ ನೀವೇ ಹೇಳದಿದ್ದರೆ ಏನೇನೋ ಬರುತ್ತದೆ. ಒಬ್ಬರು ಫ್ಲಡ್‌ಲೈಟ್ ಹಾಕಿಸಿಕೊಡುತ್ತೇನೆ ಅಂದರು. ಸಂಜೆ ಐದೂವರೆ ಆದರೆ ಆನೆ ಬರುವ ದಾರಿ ನಮ್ಮದು, ಬೆಳಕು ಹಾಕಿಕೊಂಡು ಯಾರನ್ನು ಆಡಿಸೋಣ?

ಕೊಡವರ ಆಯುಧದ ಹಬ್ಬ ಕೈಲ್‌ಪೋದ್ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದಲ್ವಾ, ಅದನ್ನೇ ನಾವು ಚೆಂಡಿಗೆ ತಿರುಗಿಸಿದೆವು. ಕಂಬದ ಮೇಲೆ ಕಾಯಿ, 18 ಮೀಟರ್ ದೂರ ಗೆರೆ, 20 ರೂಪಾಯಿಗೆ ಮೂರು ಎಸೆತ, ಬೀಳಿಸಿದರೆ ಕಾಯಿ ನಿಮ್ಮದು. ದೊಡ್ಡವರ ಆಟದಲ್ಲಿ ಪಿಚ್ಚರ್, ಅಂದರೆ ಬ್ಯಾಟ್ ಹಿಡಿದವನ ಕಡೆಗೆ ಚೆಂಡು ಎಸೆಯುವವನು, ಎಸೆಯುವ ದೂರವೂ ಹೆಚ್ಚು ಕಡಿಮೆ ಅಷ್ಟೇ. ಕೋವಿ ಹಿಡಿದರೆ ಗುರಿ ತಪ್ಪದ ಹಿರಿಯರು ಮೂರೂ ಎಸೆತ ಹಾಳು ಮಾಡಿಕೊಂಡು, ಹಠಕ್ಕೆ ಬಿದ್ದು ಇನ್ನೂರು ಮುನ್ನೂರು ರೂಪಾಯಿ ಸುರಿದರು. ಪಕ್ಕದಲ್ಲೇ ಪಂದಿಕರಿ, ಅಕ್ಕಿರೊಟ್ಟಿ ಇಟ್ಟರೆ ಇನ್ನೂ ಒಳ್ಳೆಯದು.

ಸರ್ಕಾರದ ಕಡೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ, ಹಾಗಂತ ಬಿಡಲೂಬೇಡಿ. ಶಾಸಕರ, ಸಂಸದರ ನಿಧಿಯಲ್ಲಿ ಮೈದಾನ, ಬೇಲಿ, ಶೌಚಾಲಯದಂಥ ಶಾಶ್ವತ ಕೆಲಸ ಕೇಳಿ, ಚೆಂಡು ಗ್ಲೌಸ್ ಕೇಳಬೇಡಿ. ಸಹಕಾರ ಸಂಘಕ್ಕೆ ಮಹಾಸಭೆಗೆ ಮುಂಚೆಯೇ ಅರ್ಜಿ ಕೊಡಿ. ಶಾಲಾ ಕ್ರೀಡೆಗಳ ರಾಷ್ಟ್ರೀಯ ಪಟ್ಟಿಯಲ್ಲಿ ಬೇಸ್‌ಬಾಲ್, ಸಾಫ್ಟ್‌ಬಾಲ್ ಎರಡೂ ಇವೆ, ಅದನ್ನು ಪಿಟಿ ಮೇಷ್ಟ್ರ ಕಿವಿಗೆ ಹಾಕಿ.

ಕಂಪನಿಗಳ ಸಿಎಸ್‌ಆರ್ ದುಡ್ಡಿಗೆ, ಅಂದರೆ ಸಮಾಜದ ಕೆಲಸಕ್ಕೆ ಅಂತ ಅವರು ತೆಗೆದಿಡುವ ದುಡ್ಡಿಗೆ, ಹೋಗುವುದಾದರೆ ಕಾಗದ ಮೊದಲು, ಭೇಟಿ ಆಮೇಲೆ. 2013ರ ಕಂಪನಿ ಕಾಯ್ದೆಯ ಏಳನೇ ಶೆಡ್ಯೂಲಿನಲ್ಲಿ ಗ್ರಾಮೀಣ ಕ್ರೀಡೆಯ ಜೊತೆ ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಇದೆ, ಬೇಸ್‌ಬಾಲ್ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಇದೆ, ಅರ್ಜಿಯಲ್ಲಿ ಈ ಎರಡನ್ನೂ ಬರೆಯಿರಿ. ಆದರೆ ನಿಮ್ಮದು ನೋಂದಣಿಯಾದ ಸಂಘ ಆಗಿರಬೇಕು (ಕರ್ನಾಟಕದಲ್ಲಿ ಕನಿಷ್ಠ ಏಳು ಸದಸ್ಯರು), ಆದಾಯ ತೆರಿಗೆ ಇಲಾಖೆಯ ನೋಂದಣಿ (12ಎ, 80ಜಿ ಅನ್ನುತ್ತಾರೆ), ಸಿಎಸ್‌ಆರ್ ದುಡ್ಡು ಪಡೆಯಲು ಸಂಘಕ್ಕೆ ಸಿಗುವ ಸಿಎಸ್‌ಆರ್-1 ನಂಬರ್ ಎಲ್ಲ ಬೇಕು. ನಾವು ಬರಿ ಫೋಟೋ ಆಲ್ಬಂ ಹಿಡಿದುಕೊಂಡು ಒಂದು ಕಂಪನಿಗೆ ಹೋಗಿದ್ದೆವು. ಕಾಫಿ ಕೊಟ್ಟರು, ಚೆನ್ನಾಗಿತ್ತು, ಆರು ತಿಂಗಳು ಅಲೆಸಿದರು. ಮೊದಲ ವರ್ಷ ಈ ಕಡೆ ತಲೆ ಹಾಕಲೇಬೇಡಿ ಅಂತ ನನ್ನ ಅಭಿಪ್ರಾಯ.

ಮಕ್ಕಳಿಂದ ಫೀಸು ತೆಗೆದುಕೊಳ್ಳಬೇಡಿ. ತಿಂಗಳಿಗೆ ಐವತ್ತು ರೂಪಾಯಿ ಇಟ್ಟೆವು, ಎರಡನೇ ವಾರಕ್ಕೆ ತೋಟದ ಕೆಲಸದವರ ಲೈನ್‌ಮನೆ ಮಕ್ಕಳು ಬರುವುದು ನಿಂತಿತು. ಯಾರೂ ದುಡ್ಡಿಲ್ಲ ಅಂತ ಹೇಳಲಿಲ್ಲ, ಹೊಟ್ಟೆನೋವು ಅಂದರು. ತೆಗೆದು ಹಾಕಿದೆವು, ವಾಪಸ್ ಬಂದರು.

ಲೆಕ್ಕ ಮಾತ್ರ ಎಲ್ಲರ ಕಣ್ಣಿಗೆ ಬೀಳಬೇಕು. ಖಾತೆಗೆ ಇಬ್ಬರ ಸಹಿ ಇರಲಿ. ಯಾವ ಮನೆಯಿಂದ ಎಷ್ಟು ಮೆಣಸು, ಎಷ್ಟಕ್ಕೆ ಮಾರಿದ್ದು, ಎಷ್ಟು ಉಳಿದಿದೆ, ಎಲ್ಲ ಒಂದು ಹಾಳೆಯಲ್ಲಿ ಬರೆದು ರೇಷನ್ ಅಂಗಡಿ ಗೋಡೆಗೆ ಅಂಟಿಸಿ. ಎರಡನೇ ವರ್ಷ ಆ ಹಾಳೆ ನೋಡಿಯೇ ಒಬ್ಬರು, "ನಮ್ಮನೆ ಹೆಸರು ಯಾಕಿಲ್ಲ?" ಅಂತ ಜಗಳಕ್ಕೆ ಬಂದು ಐದು ಕೆಜಿ ಕೊಟ್ಟು ಹೋದರು.

ಇಷ್ಟೆಲ್ಲ ಕಷ್ಟಪಟ್ಟು ತಂದದ್ದನ್ನು ಮಳೆಗಾಲ ತಿಂದುಹಾಕದ ಹಾಗೆ ನೋಡಿಕೊಳ್ಳಿ. ಮೇ ಕೊನೆಗೆ ಗ್ಲೌಸ್ ಒರೆಸಿ, ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ, ಒಳಗೊಂದು ಚೆಂಡಿಟ್ಟು ಕಟ್ಟಿ, ಸೌದೆ ಒಲೆ ಇರುವ ಮನೆಯ ಅಟ್ಟದಲ್ಲಿ ತೂಗುಹಾಕಿ. ಒಲೆಯ ನೇರಕ್ಕೆ ಬೇಡ, ಚರ್ಮ ಸಿಡಿಯುತ್ತದೆ. ಬೀರುವಿನಲ್ಲಿಟ್ಟರೆ ಆಗಸ್ಟ್‌ಗೆ ಹಸಿರು ಬೂಷ್ಟು ಗ್ಯಾರಂಟಿ. ಹೊಗೆಯಲ್ಲಿ ಒಣಗಿಸಿದ ಮಾಂಸದ ವಾಸನೆ ಬರುತ್ತದೆ ಅಂತ ಮಕ್ಕಳು ಅಕ್ಟೋಬರ್‌ನಲ್ಲಿ ಮೂಗು ಮುಚ್ಚಿಕೊಳ್ಳುತ್ತಾರೆ, ಎರಡು ದಿನ ಆಡಿದರೆ ಹೋಗುತ್ತದೆ.