ಟಿಬಿ ಸ್ಲೈಡ್: ಕೆಂಪು ಕಡ್ಡಿ ಕಾಣಬೇಕಾದರೆ ಹೀಗೆ ಮಾಡಿ

ತುಮಕೂರಿನಲ್ಲಿ ಲ್ಯಾಬ್ ಕೋರ್ಸ್ ಓದುವ ಹುಡುಗರು ಬಣ್ಣದ ಬಾಟಲಿ ಕಂಡರೆ ಸಾಕು, ಕೈ ಹಾಕುತ್ತಾರೆ. ಸ್ವಲ್ಪ ತಡೆಯಿರಿ. ಟಿಬಿ ಸ್ಲೈಡ್ ಅಂದರೆ ರೋಗಿಯ ಕಫ ಹರಡಿ, ಬಣ್ಣ ಹಾಕಿ, ಟಿಬಿ ಬ್ಯಾಕ್ಟೀರಿಯಾ ಹುಡುಕುವ ಗಾಜು. ಅದು ಜಾಸ್ತಿ ಸಲ ಕೆಡುವುದು ಬಣ್ಣಕ್ಕಿಂತ ಮೊದಲೇ.

ಡಬ್ಬಿಯಲ್ಲಿ ಬರೀ ಎಂಜಲಿದ್ದರೆ ಏನು ಮಾಡಿದರೂ ದಂಡ. "ಅಮ್ಮ, ಬಾಯಿ ಮುಕ್ಕಳಿಸಿ, ಉಸಿರು ಎಳ್ಕೊಂಡು ಎದೆಯಿಂದ ಕೆಮ್ಮಿ ತೆಗೀರಿ" ಅಂತ ಬಿಡಿಸಿ ಹೇಳಿ. ಮಾಸ್ಕ್, ಗ್ಲೌಸ್ ಹಾಕಿಕೊಂಡು, ಕಫದ ಗಟ್ಟಿ ಹಳದಿ ಭಾಗವನ್ನು ಕಡ್ಡಿಯಲ್ಲಿ ತೆಗೆದು 2-3 ಸೆಂಟಿಮೀಟರ್ ಅಗಲಕ್ಕೆ ಹರಡಿ. ಒಣಗಿದ ಸ್ಲೈಡನ್ನು ಈ ಪೇಪರ್ ಮೇಲೆ ಹಿಡಿದರೆ ಅಕ್ಷರ ಓದಲು ಬರಬೇಕು. ಬರದಿದ್ದರೆ ದಪ್ಪ ಆಯಿತು, ತೊಳೆಯುವಾಗ ಎದ್ದುಹೋಗುತ್ತದೆ. ಪೂರ್ತಿ ಒಣಗಿದ ಮೇಲೆ ಮೂರ್ನಾಲ್ಕು ಸಲ ಜ್ವಾಲೆಯ ಮೇಲೆ ಹಾಯಿಸಿ.

ಈಗ ಬಣ್ಣ. ಈ ಬ್ಯಾಕ್ಟೀರಿಯಾದ ಗೋಡೆಯಲ್ಲಿ ಮೈಕೋಲಿಕ್ ಆಮ್ಲ ಎಂಬ ಮೇಣದಂಥ ಕೊಬ್ಬಿದೆ. ಸುಮ್ನೆ ಬಣ್ಣ ಸುರಿದರೆ ಒಳಗೆ ಇಳಿಯುವುದಿಲ್ಲ. ಫೀನಾಲ್ ಬೆರೆತ ಕಾರ್ಬಾಲ್ ಫ್ಯೂಕ್ಸಿನ್ ಎಂಬ ಕೆಂಪು ಬಣ್ಣ ಹಾಕಿ ಬಿಸಿ ಮಾಡಿದರೆ ಇಳಿಯುತ್ತದೆ, ಒಮ್ಮೆ ಇಳಿದರೆ ಆಸಿಡ್ ಹಾಕಿದರೂ ಬಿಡುವುದಿಲ್ಲ. 1882ರಲ್ಲಿ ರಾಬರ್ಟ್ ಕಾಖ್ ಎಂಬ ವಿಜ್ಞಾನಿ ಟಿಬಿ ಬ್ಯಾಕ್ಟೀರಿಯಾ ತೋರಿಸಿದ ಬೆನ್ನಲ್ಲೇ ಜೀಲ್ ಮತ್ತು ನೀಲ್ಸನ್ ಎಂಬಿಬ್ಬರು ಜರ್ಮನ್ನರು ತಿದ್ದಿ ತೀಡಿದ ವಿಧಾನ ಇದು. 1960ರ ದಶಕದ ಮೊದಲಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ನಮ್ಮ ಜಿಲ್ಲೆಯ ಹಳ್ಳಿಗಳಲ್ಲೇ ಟಿಬಿ ಸಮೀಕ್ಷೆ ಮಾಡಿದ್ದರು, ಗೊತ್ತಾ?

ಸ್ಲೈಡ್ ಮುಚ್ಚುವಷ್ಟು 1% ಕಾರ್ಬಾಲ್ ಫ್ಯೂಕ್ಸಿನ್ ಹಾಕಿ, ಕೆಳಗಿನಿಂದ ಉರಿ ತೋರಿಸಿ. ಆವಿ ಏಳಬೇಕು, ಕುದಿಯಬಾರದು. ಆಮೇಲೆ 5 ನಿಮಿಷ ಬಿಡಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಫೋನ್ ಬಂತೆಂದು ಹೊರಗೆ ಹೋಗಿ ಬರುವಷ್ಟರಲ್ಲಿ ಬಣ್ಣ ಒಣಗಿ ಹರಳುಗಟ್ಟಿತ್ತು, ಆ ಹರಳುಗಳನ್ನೇ ಬ್ಯಾಕ್ಟೀರಿಯಾ ಅಂದುಕೊಂಡು ಅರ್ಧ ಗಂಟೆ ಎಣಿಸಿದ್ದೆ!

ನಿಧಾನವಾಗಿ ತೊಳೆದು, 25% ಸಲ್ಫ್ಯೂರಿಕ್ ಆಸಿಡ್ 2-4 ನಿಮಿಷ. ಇನ್ನೂ ಕೆಂಪಿದ್ದರೆ ಇನ್ನೊಂದು ಸಲ. (ಆಸಿಡ್ ತಯಾರಿಸುವಾಗ ನೀರಿಗೆ ಆಸಿಡ್ ಹಾಕಬೇಕು. ಆಸಿಡ್‌ಗೆ ನೀರು ಹಾಕಿದರೆ ಮುಖಕ್ಕೆ ಸಿಡಿಯುತ್ತದೆ.) ಮತ್ತೆ ತೊಳೆದು 0.1% ಮೆಥಿಲೀನ್ ಬ್ಲೂ ಅರ್ಧ ನಿಮಿಷ, ತೊಳೆದು ಒಣಗಿಸಿ. ತೊಳೆಯಲು ಡಿಸ್ಟಿಲ್ಡ್ ನೀರೇ ಒಳ್ಳೆಯದು, ಯಾಕೆಂದರೆ ನಲ್ಲಿ ನೀರಿನಲ್ಲೂ ಇದೇ ಕುಲದ ಬೇರೆ ಬ್ಯಾಕ್ಟೀರಿಯಾ ಇರಬಹುದು, ಅವೂ ಕೆಂಪಗೇ ಕಾಣುತ್ತವೆ.

ಸ್ಲೈಡ್ ಮೇಲೆ ಎಣ್ಣೆಯ ಹನಿ ಹಾಕಿ ಮೈಕ್ರೋಸ್ಕೋಪಿನ 100 ಎಕ್ಸ್ ಆಯಿಲ್ ಲೆನ್ಸ್‌ನಲ್ಲಿ ನೋಡಿದರೆ, ನೀಲಿ ಹಿನ್ನೆಲೆಯ ಮೇಲೆ ಬ್ಯಾಕ್ಟೀರಿಯಾ ಸಣ್ಣ ಕೆಂಪು ಕಡ್ಡಿಗಳ ಹಾಗೆ ಕಾಣುತ್ತವೆ. ಲೆನ್ಸ್‌ನಲ್ಲಿ ಒಂದು ಸಲಕ್ಕೆ ಕಾಣುವ ಜಾಗವೇ ಒಂದು ಫೀಲ್ಡ್. 100 ಫೀಲ್ಡ್‌ನಲ್ಲಿ 10ರಿಂದ 99 ಸಿಕ್ಕರೆ ರಿಪೋರ್ಟ್‌ನಲ್ಲಿ 1+, ಒಂದೊಂದು ಫೀಲ್ಡ್‌ನಲ್ಲೇ 10ಕ್ಕಿಂತ ಜಾಸ್ತಿ ಇದ್ದರೆ 3+. ಒಂದೂ ಇಲ್ಲ ಎನ್ನಬೇಕಾದರೆ 100 ಫೀಲ್ಡ್ ನೋಡಿರಲೇಬೇಕು. ಆಗಲೂ ರೋಗ ಇಲ್ಲವೆಂದು ಹೇಳುವ ಹಾಗಿಲ್ಲ. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಬ್ಯಾಕ್ಟೀರಿಯಾ ಇದ್ದರಷ್ಟೇ ಕಣ್ಣಿಗೆ ಬೀಳುತ್ತವೆ, ಅದಕ್ಕೇ ಈಗ ಸಿಬಿನ್ಯಾಟ್‌ಗೆ (ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಯಂತ್ರದ ಪರೀಕ್ಷೆ) ಕಳಿಸುವುದು.

ಒಂದು ಸ್ಲೈಡ್ ಮುಗಿದ ಮೇಲೆ ಲೆನ್ಸ್ ಒರೆಸಿ. ಆಯಿಲ್ ಹಾಕುವ ಕಡ್ಡಿ ಸ್ಲೈಡಿಗೆ ತಾಗದಿರಲಿ, ಒಬ್ಬ ರೋಗಿಯ ಬ್ಯಾಕ್ಟೀರಿಯಾ ಇನ್ನೊಬ್ಬರ ಲೆಕ್ಕಕ್ಕೆ ಹೋಗಿಬಿಡುತ್ತದೆ.